ಅಂಗಳದ ಹೊಳೆ

ಹೊಳೆಗೆ ಕಾಲು ನೆಡಲು ಪುಟ್ಟರಾಜು ಅಂಗಳದ ನಟ್ಟನಡುವೆ ಗುಂಡಿ ತೋಡಿದ ದಿನ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

“ರಾಗಿ ಒಕ್ಕಣೆ ಇನ್ನೂ ಮುಗ್ದಿಲ್ಲ, ಕಣದಾಗೆ ಗುಂಡಿ ತೋಡವ್ನೆ,” ಎಂದ ಅಣ್ಣ ಸಣ್ಣಸ್ವಾಮಿ, ಮುದ್ದೆ ಮುರಿಯುತ್ತ. “ಏನ್ಲಾ ಅದು? ಎತ್ತು ಕಟ್ಟೋ ಗೂಟವಾ?”

“ಅಲ್ಲಣ್ಣ. ಹೊಳೆ ಮಾಡ್ತೀನಿ.”

“ಹೊಳೆ ಅಲ್ಲಿ ಹರೀತಾ ಐತಲ್ಲೋ, ಗದ್ದೆ ಕೆಳ್ಗೆ. ಇನ್ನೊಂದ್ಯಾಕೆ?”

“ಕಬ್ಬಿಣದಾಗೆ ಮಾಡ್ತೀನಿ. ಹೋದ ಆಷಾಢದಾಗೆ ಬಂದಿತ್ತಲ್ಲ, ಹಂಗೆ.”

ಸಾರು ಬಡಿಸುತ್ತಿದ್ದ ಪುಟ್ಟರಾಜುವಿನ ಹೆಂಡತಿ ವನಜಮ್ಮ ಸೌಟನ್ನು ಮಡಕೆಗೇ ಬಿಟ್ಟು ಹಿತ್ತಲಿಗೆ ಎದ್ದು ಹೋದಳು. ಸಣ್ಣಸ್ವಾಮಿಯ ಹೆಂಡತಿ ಲಿಂಗಮ್ಮ ಸದ್ದಿಲ್ಲದೆ ಸೌಟು ಎತ್ತಿಕೊಂಡಳು.

“ಉಣ್ಣೋ ಹೊತ್ತಿನಾಗೆ ಆ ಮಾತು ಬೇಕಿತ್ತೇನ್ಲಾ?” ಎಂದಳು ತಾಯಿ ಹುಚ್ಚಮ್ಮ. ಪುಟ್ಟರಾಜು ಕೈ ತೊಳೆದುಕೊಂಡ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯಿತು.

ಹೋದ ಆಷಾಢದಲ್ಲಿ ಕಾವೇರಿ ತುಂಬಿ ಬಂದದ್ದು ಕುಶಾಲನಗರದ ಕಡೆಯವರಿಗೆ ಹೊಸದೇನೂ ಅಲ್ಲ. ಅರಕಲಗೂಡು ಕಡೆಯಿಂದ ಹುಚ್ಚಮ್ಮನ ಮಾವ ಇಲ್ಲಿಗೆ ಬಂದು ಹೊಳೆಯ ದಂಡೆಯಲ್ಲಿ ಗದ್ದೆ ಮಾಡಿದ ಕಾಲದಿಂದ ಕಾವೇರಿ ವರ್ಷವರ್ಷ ಬರುತ್ತಿದ್ದಾಳೆ, ಹೋಗುತ್ತಿದ್ದಾಳೆ. ಆ ದಿನ ಇಲ್ಲಿ ಬಿಸಿಲಿತ್ತು. ಹೊಳೆ ಹುಟ್ಟುವ ಭಾಗಮಂಡಲದ ಕಡೆ ಹೊಡೆದ ಮಳೆ ಇಲ್ಲಿಯ ಹೆಂಗಸರಿಗೆ ಹೇಗೆ ಗೊತ್ತಾಗಬೇಕು? ವನಜಮ್ಮ ಹೊಳೆಯಲ್ಲಿ ಕಂಬಳಿ ಒಗೆಯುತ್ತಿದ್ದಳು. ಪಕ್ಕದ ಕಲ್ಲಿನ ಮೇಲೆ ಆರು ವರ್ಷದ ಮಗಳು ಚಿಕ್ಕತಾಯಿ ತನ್ನ ಲಂಗವನ್ನು ತಾನೇ ಒಗೆಯುತ್ತೇನೆಂದು ಕೂತಿದ್ದಳು. ಕಂಬಳಿ ಹಿಂಡಿ ತಿರುಗಿ ನೋಡುವುದರೊಳಗೆ ಕಲ್ಲೂ ಇರಲಿಲ್ಲ, ಮಗುವೂ ಇರಲಿಲ್ಲ. ಮೂರನೆಯ ದಿನ ಕೆಳಗಿನ ಬಿದಿರು ಮೆಳೆಯ ಬೇರಿನಲ್ಲಿ ಸಿಕ್ಕಿದ ಹೆಣವನ್ನು ಸಣ್ಣಸ್ವಾಮಿ ತೋಳಿನ ಮೇಲೆ ಹೊತ್ತು ತಂದ. ಅವನ ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಆ ಮನೆಯಲ್ಲಿ ಇದ್ದ ಮಗು ಅಂದರೆ ಅದೊಂದೇ.

ಅಂದಿನಿಂದ ವನಜಮ್ಮ ಹೊಳೆಯ ಕಡೆ ಮುಖ ಹಾಕಿಲ್ಲ. ಬಾವಿ ಸೇದುತ್ತಾಳೆ, ಕೊಟ್ಟಿಗೆ ಬಳಿಯುತ್ತಾಳೆ, ಮುದ್ದೆ ಕೂಡಿಸುತ್ತಾಳೆ. ಐದು ಜನರ ಬಟ್ಟೆಯ ಗಂಟು ಮಾತ್ರ ಲಿಂಗಮ್ಮನ ತಲೆಗೇ ಬಿತ್ತು. ಲಿಂಗಮ್ಮ ಕೆಟ್ಟವಳಲ್ಲ. ಆದರೆ ದಿನಾ ಹೊತ್ತರೆ ಹತ್ತಿಯೂ ಭಾರ.

ಪುಟ್ಟರಾಜು ಆ ದಿನ ಊರಲ್ಲಿರಲಿಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತ ಅವನಿಗೆ ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ, ಲಾರಿ ಮುರಿದರೆ ಅವನೇ ಬೇಕು. ಎಸ್ಟೇಟಿನ ಯಜಮಾನಿ ಬೊಳ್ಳಮ್ಮ ಮದರಾಸಿನಲ್ಲಿ ಚಿತ್ರ, ಶಿಲ್ಪ ಕಲಿತು ಬಂದವರು. ಅವನ ಕೈಚಳಕ ನೋಡಿ, ಮುರುಕು ಕಬ್ಬಿಣ ಕೊಟ್ಟು, ಏನಾದರೂ ಮಾಡು ಅಂದಿದ್ದರು. ಅವನು ಮೊದಲು ನವಿಲು ಮಾಡಿದ, ಆನೆ ಮಾಡಿದ. ಅವರು ನಕ್ಕು, “ಇದನ್ನೆಲ್ಲ ಸಂತೆಯಲ್ಲಿ ಮಾರ್ತಾರೆ ಪುಟ್ಟರಾಜು. ಗಾಳಿ ಹೇಗೆ ಬೀಸ್ತದೆ, ಮಳೆ ಹೇಗೆ ಹೊಡೀತದೆ, ಅದನ್ನು ಮಾಡು. ನೀನು ನೋಡಿದ್ದನ್ನು ಮಾಡು,” ಅಂದರು. ಅವರ ತೋಟದಲ್ಲಿ ಈಗ ಅವನು ಮಾಡಿದ ಒಂದು ಗಾಳಿ ನಿಂತಿದೆ. ನೋಡಿದವರು ಅದನ್ನು ಬೇಲಿ ಮುರಿದು ಬಿದ್ದದ್ದು ಅಂದುಕೊಳ್ಳುತ್ತಾರೆ.

ಮಗಳನ್ನು ಮಣ್ಣು ಮಾಡಿದ ಸಂಜೆ ಅವನು ದಂಡೆಯ ಮೇಲೆ ನಿಂತು ಹೊಳೆಯನ್ನು ನೋಡಿದ್ದ. ಅವನು ಸರಿಯಾಗಿ ನೋಡಿದ್ದು ಅಂದರೆ ಅದನ್ನೇ. ಈ ವರ್ಷ ಕಾಫಿ ಕೊಯ್ಲು ಮುಗಿದು ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆಯಾದಾಗ ರಜೆ ಕೇಳಿ, ಎಸ್ಟೇಟಿನ ಲಾರಿಯಲ್ಲೇ ಗ್ಯಾಸು, ಕಬ್ಬಿಣ ಹೇರಿಕೊಂಡು ಊರಿಗೆ ಬಂದ.

“ಅಲ್ಲೇ ಮಾಡ್ಬಾರ್ದಿತ್ತೇನ್ಲಾ?” ಎಂದು ಅಣ್ಣ ಕೇಳಿದ್ದಕ್ಕೆ, “ಇಲ್ಲಿಂದ ಹೊಳೆ ಕಾಣ್ತದೆ. ನೋಡ್ಕಂಡೇ ಮಾಡ್ಬೇಕು,” ಎಂದ.

ಹಗಲೆಲ್ಲ ಅಂಗಳದಲ್ಲಿ ನೀಲಿ ಬೆಂಕಿ, ಕಬ್ಬಿಣ ಸುಟ್ಟ ವಾಸನೆ. ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಗಳು ನೆಲದಿಂದೆದ್ದು, ಎಲ್ಲ ಒಂದೇ ಕಡೆಗೆ ಬಾಗಿ, ಆಳೆತ್ತರ ಮೀರಿ ಹೋದವು. ನಡುವೆ ಪಲ್ಪರ್ ಯಂತ್ರದಿಂದ ಕಿತ್ತ ತಾಮ್ರದ ತಗಡು, ಮೈಯೆಲ್ಲ ಸಣ್ಣ ಸಣ್ಣಗೆ ಉಬ್ಬಿದ ಗುಬುಟು ಇರುವಂಥದ್ದು, ಒಳಮುಖವಾಗಿ ಸುರುಳಿ ಸುತ್ತಿ ಸುಳಿಯಾಯಿತು. ಬೆಂಕಿ ತಾಗಿದ ಕಡೆ ತಾಮ್ರ ಆಷಾಢದ ನೀರಿನ ಬಣ್ಣಕ್ಕೆ ತಿರುಗಿತು. ಅದು ಚೆನ್ನಾಗಿತ್ತು; ಅದನ್ನು ಹೇಳಲೇಬೇಕು. ಬಿಸಿಲು ಬಿದ್ದರೆ ಹರಿಯುತ್ತಿದೆ ಅನ್ನಿಸುತ್ತಿತ್ತು. ವನಜಮ್ಮ ಬಾವಿಗೆ ಹೋಗಲು ಅಂಗಳ ದಾಟುವುದನ್ನು ಬಿಟ್ಟು ಕೊಟ್ಟಿಗೆಯ ಹಿಂದಿನಿಂದ ಸುತ್ತಿ ಹೋಗತೊಡಗಿದಳು.

“ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ಸಣ್ಣಸ್ವಾಮಿ ನಗುತ್ತಿದ್ದ. ಪಕ್ಕದ ಮನೆಯ ಸಾಂತಪ್ಪ ಜಗುಲಿಗೆ ಬಂದು ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸುತ್ತಾರಂತೆ ಎಂದು ಮಾತು ತೆಗೆದವನು, ಕಣ್ಣು ಅಂಗಳದ ಕಡೆ ಹೊರಳಿ ಮಾತು ಮರೆಯುತ್ತಿದ್ದ.

ಯುಗಾದಿ ಕಳೆದ ಮೇಲೆ ಬೊಳ್ಳಮ್ಮ ಜೀಪಿನಲ್ಲಿ ಬಂದರು. ಕಬ್ಬಿಣದ ಹೊಳೆಯ ಸುತ್ತ ಎರಡು ಸಲ ಸುತ್ತಿದರು. ಲಿಂಗಮ್ಮ ಬೆಲ್ಲದ ಕಾಫಿ ತಂದಾಗ ಲೋಟ ಹಿಡಿದುಕೊಂಡೇ ನಿಂತಿದ್ದರು.

“ಪುಟ್ಟರಾಜು, ಇದು ಮದರಾಸಿನ ಎಕ್ಸಿಬಿಷನ್ನಿಗೆ ಹೋಗ್ಬೇಕು. ಅಲ್ಲಿಯವರು ಇಂಥದ್ದನ್ನು ನೋಡಿಲ್ಲ.”

“ಹೂಂ ಅಮ್ಮಾವ್ರೆ,” ಎಂದ ಪುಟ್ಟರಾಜು. ಒಂದು ವರ್ಷದಲ್ಲಿ ಅವನ ಮುಖ ಹಾಗೆ ಅರಳಿದ್ದನ್ನು ಮನೆಯವರು ಕಂಡಿರಲಿಲ್ಲ.

ಬಾಗಿಲ ಮರೆಯಲ್ಲಿದ್ದ ವನಜಮ್ಮ ಹೊರಗೆ ಬಂದಳು. “ಯಾವಾಗ ತಗೊಂಡು ಹೋಗ್ತೀರಮ್ಮ?”

“ಮಳೆಗೆ ಮುಂಚೆ ಲಾರಿ ಕಳಿಸ್ತೀನಿ. ನಿನಗೂ ಇಷ್ಟವಾ?”

“ಹೋಗ್ಲಿ ಅಮ್ಮ. ಬೇಗ ಹೋಗ್ಲಿ,” ಎಂದಳು ವನಜಮ್ಮ. ಅಂದು ರಾತ್ರಿ ಅವಳು ಎಲ್ಲರ ಜೊತೆ ಕೂತು ಉಂಡಳು. ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಮಳೆಯ ತನಕ ತಡೆದರೆ ಸಾಕು, ಮತ್ತೆ ಅಂಗಳ ಅಂಗಳವಾಗುತ್ತದೆ ಎಂದು ಅವಳಿಗೆ ಧೈರ್ಯ ಬಂದಿತ್ತು.

ಆದರೆ ಆ ಮನೆಯ ಪದ್ಧತಿ ಬೇರೆ. ಹುಚ್ಚಮ್ಮನ ಕಾರುಬಾರಿನಲ್ಲಿ ನೆಟ್ಟಗೆ ನಿಂತದ್ದಕ್ಕೆಲ್ಲ ಶುಕ್ರವಾರ ಅರಿಶಿನ ಕುಂಕುಮ. ಹೊಸ್ತಿಲಿಗೆ, ಒರಳಿಗೆ, ಒನಕೆಗೆ, ಬಾವಿಯ ಕಂಬಕ್ಕೆ. ಅಂಗಳದಲ್ಲಿ ಆಳೆತ್ತರದ್ದೊಂದು ನಿಂತಿರುವಾಗ ಅದನ್ನು ಬಿಟ್ಟು ಉಳಿದದ್ದಕ್ಕೆ ಇಡುವುದು ಹೇಗೆ? ಮುದುಕಿ ಅದರ ಬುಡಕ್ಕೂ ಒಂದು ಬೊಟ್ಟು ಇಟ್ಟಳು. ಹಾಲು ಕೊಳ್ಳಲು ಬಂದ ಸಾಂತಪ್ಪನ ಹೆಂಡತಿ, “ಇದೇನವ್ವಾ?” ಎಂದು ಕೇಳಿದಳು. ಮಗ ಹೇಳಿದ್ದು ‘ಹೊಳೆ’ ಎಂದು. ಕಾವೇರಿಯನ್ನು ಬರೀ ಹೊಳೆ ಎಂದು ಕರೆದು ಹುಚ್ಚಮ್ಮನ ನಾಲಿಗೆಗೆ ಅಭ್ಯಾಸವಿಲ್ಲ.

“ಹೊಳೆಯಮ್ಮ,” ಎಂದಳು.

ಅಷ್ಟೇ ಆದದ್ದು. ಒಂದು ‘ಅಮ್ಮ’ ಸೇರಿತು. ಸಾಂತಪ್ಪನ ಮೊಮ್ಮಗಳಿಗೆ ಬಿಡದ ಜ್ವರವಿತ್ತು. ಅವನ ಹೆಂಡತಿ ಮರುದಿನ ಬಂದು ಕಬ್ಬಿಣದ ಪಟ್ಟಿಯೊಂದಕ್ಕೆ ಅರಿಶಿನದ ದಾರ ಕಟ್ಟಿ ಹೋದಳು. ಜ್ವರ ಬಿಟ್ಟಿತು. ಬಂದ ಜ್ವರ ಯಾವತ್ತಾದರೂ ಬಿಡಲೇಬೇಕು. ಆದರೆ ಊರಿಗೆ ಅದನ್ನು ಯಾರು ಹೇಳಬೇಕು? ಮುಂದಿನ ಶುಕ್ರವಾರ ಅಂಗಳದಲ್ಲಿ ಹತ್ತು ಜನ, ಅದರ ಮುಂದಿನ ವಾರ ಕಾಲಿಡಲು ಜಾಗವಿಲ್ಲ. ಸುಳಿಯ ತೂತಿನಲ್ಲಿ ದೀಪ ಇಟ್ಟರು. ಯಾರೋ ಕೋಳಿ ಕುಯ್ದರು.

ಲಿಂಗಮ್ಮನ ಅಡಿಗೆಮನೆಯಲ್ಲಿ ಪೂಜೆಗೆ ಒಡೆದ ತೆಂಗಿನಕಾಯಿಯ ಹೋಳು ಗುಡ್ಡೆ ಬಿತ್ತು. “ಚಟ್ನಿಗೆ ಕಾಯಿ ಕೊಳ್ಳೋದು ತಪ್ತು,” ಎಂದು ಅವಳು ಅರೆದಳು. ಎಲ್ಲರ ತಟ್ಟೆಗೂ ಚಟ್ನಿ ಬಿತ್ತು. ವನಜಮ್ಮ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ತಿಂದಳು.

“ಯಾಕೆ ವನಜ?” ಎಂದಳು ಲಿಂಗಮ್ಮ.

“ಬ್ಯಾಡ ಅಕ್ಕ.”

“ನಾಳೆ ಶುಕ್ರವಾರ ನೀನೂ ಒಂದು ಆರತಿ ಎತ್ತು. ಮನೆ ಸೊಸೆ ದೂರ ನಿಂತ್ರೆ ಜನ ಏನಂತಾರೆ? ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಗಾದೆ ಬಾಯಿಂದ ಜಾರಿ ಆಗಿತ್ತು.

ವನಜಮ್ಮ ಎಂಜಲು ಕೈಯಲ್ಲೇ ಎದ್ದು ನಿಂತಳು. “ಬಂದಿದ್ನಲ್ಲಕ್ಕ ನೀರಿಗೆ. ಮಗೀನೂ ಕರ್ಕೊಂಡೇ ಬಂದಿದ್ದೆ.”

“ನಾನು ಹಂಗಂದಿದ್ದಲ್ಲ ಕಣೇ...”

“ನೀವ್ಯಾರೂ ಹಂಗಂದಿದ್ದಲ್ಲ.” ಅವಳು ಅತ್ತೆಯ ಕಡೆ ತಿರುಗಿದಳು. “ಅತ್ತೆ, ಅದು ನನ್ನ ಮಗೂನ ತಿಂದಿದ್ದು. ಅದ್ರ ಹಣೆಗೆ ಕುಂಕುಮ ಇಡ್ತೀರಲ್ಲ, ನಿಮ್ಮ ಕೈ ಹೆಂಗೆ ಬರ್ತದೆ?”

“ತಿಂತು ಅನ್ಬ್ಯಾಡ. ಕರ್ಕಂಡ್ಲು ಅನ್ನು,” ಎಂದಳು ಹುಚ್ಚಮ್ಮ.

“ಏನಂದ್ರೂ ಮಗು ಇಲ್ಲ.”

“ನಂಗೂ ಇಲ್ಲ ಕಣವ್ವ. ನನ್ನ ಸೆರಗು ಹಿಡ್ಕಂಡು ಮಲಗ್ತಿತ್ತು ಅದು.” ಮುದುಕಿ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು. “ಈಗ ಅವಳ ಹತ್ರ ಐತೆ. ನಾನು ಅವಳ ಮೇಲೆ ಸಿಟ್ಟು ಮಾಡ್ಕಂಡ್ರೆ ಅಲ್ಲಿ ಆ ಕೂಸನ್ನ ಯಾರು ನೋಡ್ಕತಾರೆ?”

ಸಣ್ಣಸ್ವಾಮಿ ತಟ್ಟೆಯನ್ನೇ ನೋಡುತ್ತಿದ್ದ. ವನಜಮ್ಮ ಮೆಲ್ಲಗೆ ಹೇಳಿದಳು: “ಅದನ್ನ ಅಮ್ಮ ಅನ್ನಾಕೆ ಊರೆಲ್ಲ ಐತೆ. ನನ್ನ ಅಮ್ಮ ಅನ್ನಾಕೆ ಯಾರವ್ರೆ ಅತ್ತೆ?”

ಪುಟ್ಟರಾಜು ಹೊರಗೆ ಹೋಗಿ ದೀಪ ಆರಿಸಿದ. ದಾರಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಎಸೆದ. ಬೂದಿ ಹಾಕಿ ತಾಮ್ರದ ತಗಡನ್ನು ತಿಕ್ಕಿ ತಿಕ್ಕಿ ಎಣ್ಣೆಯ ಜಿಡ್ಡು ತೆಗೆದ. ಅವನ ಸಿಟ್ಟೂ ನಿಜ. ಆದರೆ ಅದು ಹೆಂಡತಿಯ ಸಿಟ್ಟಲ್ಲ. ಅವನು ಮಾಡಿದ್ದನ್ನು ಯಾರೂ ನೋಡುತ್ತಿಲ್ಲ, ಕೈ ಮುಗಿದು ಕಣ್ಣು ಮುಚ್ಚುತ್ತಾರೆ ಎಂಬುದು ಅವನ ಸಂಕಟ.

“ಲಾರಿ ಬರ್ತದೆ ಬುಡು ವನಜ,” ಎಂದ.

ಭರಣಿ ಮಳೆ ಬಂದು ಹೋದ ವಾರ ಲಾರಿ ಬಂತು. ಜೊತೆಗೆ ಬೊಳ್ಳಮ್ಮನೂ ಬಂದರು. ಹಗ್ಗ ಇಳಿಸುವುದರೊಳಗೆ ಅಂಗಳದಲ್ಲಿ ಊರು ನೆರೆದಿತ್ತು. ಸಾಂತಪ್ಪ ಮುಂದೆ ಬಂದು ನಿಂತ.

“ಹೊಳೆಯಮ್ಮನ್ನ ಮಳೆಗಾಲಕ್ಕೆ ಮುಂಚೆ ಊರಿಂದ ಆಚೆ ಕಳಿಸ್ತೀರಾ? ಈ ಸಲ ನೀರು ಬಂದ್ರೆ ಯಾರ ಮನೆ ಮಗೀನ ಕೊಡಾಣ?”

“ಇದು ದೇವರಲ್ಲ, ಶಿಲ್ಪ. ಪುಟ್ಟರಾಜು ಮಾಡಿದ್ದು,” ಎಂದರು ಬೊಳ್ಳಮ್ಮ.

“ದೇವ್ರನ್ನೆಲ್ಲ ಯಾರೋ ಒಬ್ರು ಮಾಡಿರೋದೆ ಅಮ್ಮ. ಆಮೇಲೆ ಅದು ಮಾಡಿದೋರದ್ದಲ್ಲ.”

ಬೊಳ್ಳಮ್ಮ ಸಣ್ಣಸ್ವಾಮಿಯ ಮುಖ ನೋಡಿದರು. ಮನೆಯ ಹಿರಿಯ ಅವನು. ಒಂದು ಮಾತು ಅಂದರೆ ಲಾರಿ ತುಂಬುತ್ತಿತ್ತು.

“ಇರ್ಲಿ ಬುಡಿ ಅಮ್ಮ,” ಎಂದ.

“ಅಣ್ಣಾ!” ಎಂದ ಪುಟ್ಟರಾಜು.

ಸಣ್ಣಸ್ವಾಮಿ ತಮ್ಮನನ್ನು ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ: “ಆ ಹೆಣ ಹೊತ್ತು ತಂದ ತೋಳು ಕಣ್ಲಾ ಇದು. ವರ್ಷ ಆಗ್ತಾ ಬಂತು, ರಾತ್ರಿ ಈಗ್ಲೂ ತೋಳು ತಣ್ಣಗಾಯ್ತದೆ. ಮಲಗೋಕ್ ಮುಂಚೆ ಅದಕ್ಕೊಂದು ಕೈ ಮುಗಿದ್ರೆ ನಿದ್ದೆ ಬರ್ತದೆ. ನಂದೂ ಒಂದಿಷ್ಟು ನಡೀಲಿ.”

ಬೊಳ್ಳಮ್ಮ ಹೋಗುವಾಗ, “ಇನ್ನೊಂದು ಮಾಡು ಪುಟ್ಟರಾಜು, ಎಸ್ಟೇಟಿನಲ್ಲೇ,” ಎಂದರು. ಅವನು ತಲೆ ಅಲ್ಲಾಡಿಸಿದ. ಖಾಲಿ ಲಾರಿ ತಿರುಗಿ ಹೋದದ್ದನ್ನು ವನಜಮ್ಮ ಬಾವಿಕಟ್ಟೆಯಿಂದ ನೋಡಿದಳು. ಆ ರಾತ್ರಿ ಗಂಡನಿಗೆ ಒಂದೇ ಮಾತು ಹೇಳಿದಳು.

“ಲಾರಿ ಬ್ಯಾಡ. ನೀವೇ ಕೂಡ್ಸಿದ್ದು, ನೀವೇ ಕುಯ್ದು ಹಾಕಿ. ಆಷಾಢ ಹುಟ್ಟೋಕ್ ಮುಂಚೆ.”

“ಆಯ್ತು,” ಎಂದ ಪುಟ್ಟರಾಜು. ಮಾತು ಕೊಟ್ಟ ಮೇಲೆ ಅವಳು ಅಳಲಿಲ್ಲ. ಅವನ ಕೈ ಹಿಡಿದುಕೊಂಡು ಮಲಗಿದಳು. ಇಷ್ಟು ದಿನದಲ್ಲಿ ಅದೇ ಮೊದಲು.

ಸಂತೆಯ ದಿನ ಊರೆಲ್ಲ ಕುಶಾಲನಗರಕ್ಕೆ ಹೋಗುತ್ತದೆ. ಮಳೆಗಾಲಕ್ಕೆ ಉಪ್ಪು, ಒಣಮೆಣಸಿನಕಾಯಿ, ಮಳೆಯಲ್ಲಿ ಹೊದೆಯುವ ಗೊರಬು ಎಲ್ಲ ಆಗಬೇಕಿತ್ತು. ಹುಚ್ಚಮ್ಮ, ಸಣ್ಣಸ್ವಾಮಿ, ಲಿಂಗಮ್ಮ ಗಾಡಿ ಹತ್ತಿದರು. ಸಾಂತಪ್ಪನ ಮನೆಯವರೂ ಹತ್ತಿದರು. ಪುಟ್ಟರಾಜು ಕೊಟ್ಟಿಗೆಯಲ್ಲಿದ್ದ ಗ್ಯಾಸಿನ ಸಿಲಿಂಡರುಗಳನ್ನು ಉರುಳಿಸಿ ತಂದ. ತಡೆಯುವವರು ಒಬ್ಬರೂ ಇರಲಿಲ್ಲ. ವನಜಮ್ಮ ಜಗುಲಿಯ ಮೇಲೆ ಬಂದು ಕೂತಳು.

ಅವನು ಬೆಂಕಿ ಹಚ್ಚಿ, ಮೊದಲ ಪಟ್ಟಿಯ ಬುಡಕ್ಕೆ ಹಿಡಿದ. ಕಬ್ಬಿಣ ಒಂದು ಗೇಣು ಕೆಂಪಗಾಯಿತು. ಇನ್ನು ಸ್ವಲ್ಪ ಹಿಡಿದಿದ್ದರೆ ತುಂಡಾಗುತ್ತಿತ್ತು. ಅವನು ಬೆಂಕಿ ಆಚೆ ತಿರುಗಿಸಿದ. ಮೇಲಿನಿಂದ ಕೆಳಗಿನವರೆಗೆ ಅದನ್ನು ನೋಡಿದ. ಮತ್ತೆ ಹಿಡಿದ, ಮತ್ತೆ ತೆಗೆದ. ಕೊನೆಗೆ ಗ್ಯಾಸು ತಿರುಪಿ ಬೆಂಕಿ ಆರಿಸಿದ.

“ಯಾಕೆ, ಗ್ಯಾಸು ಮುಗೀತಾ?” ಎಂದಳು ವನಜಮ್ಮ.

“ಇಲ್ಲ.”

“ಮತ್ತೆ?”

“ಆಗಾಕಿಲ್ಲ ವನಜ. ಇಂಥದ್ದು ನನ್ನ ಕೈಲಿ ಇನ್ನೊಂದು ಆಗಾಕಿಲ್ಲ.”

ಅವಳು ಜಗುಲಿಯ ಅಂಚಿಗೆ ಸರಿದು ಕೂತಳು. “ಒಂದು ಕೇಳ್ತೀನಿ, ಸುಳ್ಳು ಹೇಳ್ಬ್ಯಾಡಿ. ಇದನ್ನ ಮಾಡೋವಾಗ ನಿಮ್ಗೆ ಖುಷಿ ಆಯ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಪುಟ್ಟರಾಜುವಿಗೆ ಅವಳ ಮುಂದೆ ಸುಳ್ಳು ಬರುತ್ತಿರಲಿಲ್ಲ.

“ಆಯ್ತಿತ್ತು.”

“ಮಗು ನೆಪ್ಪಾಯ್ತಿತ್ತಾ?”

“ಮೊದ್ಮೊದ್ಲು ಆಯ್ತಿತ್ತು. ಆಮೇಲೆ...” ಅವನು ತಾಮ್ರದ ಸುಳಿಯನ್ನು ನೋಡಿದ. “ಆಮೇಲೆ ತಗಡು ಹೆಂಗೆ ಬಗ್ತದೆ ಅನ್ನೋದೇ ತಲೆ ತುಂಬ.”

ವನಜಮ್ಮ ತಲೆಯಾಡಿಸಿದಳು. ಎದ್ದು ಒಳಗೆ ಹೋದಳು. ಅವಳು ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೊರಟಳು ಎಂದೇ ಅವನು ತಿಳಿದ. ಅವಳು ಹೊರಗೆ ಬಂದಾಗ ಕೈಯಲ್ಲಿ ಒಂದು ತಟ್ಟೆ ಇತ್ತು. ಅರಿಶಿನಕ್ಕೆ ಹರಳೆಣ್ಣೆ ಹಾಕಿ ಗಟ್ಟಿಯಾಗಿ ಕಲಸಿದ್ದಳು. ನೇರ ಅಂಗಳಕ್ಕೆ ಇಳಿದು, ಮೊದಲ ಸಲ ಅದರ ಹತ್ತಿರ ಹೋಗಿ, ಅಂಗೈ ತುಂಬ ಅರಿಶಿನ ತೆಗೆದು ತಾಮ್ರದ ಮೇಲೆ ಬಳಿದಳು.

“ಏನ್ ಮಾಡ್ತಿದೀಯ?”

“ಪೂಜೆ.”

“ನೀನಾ? ನೀನೇ ಬ್ಯಾಡ ಅಂದಿದ್ದೆ!”

“ಈಗ ಬೇಕು. ದೇವ್ರಾದ್ರೆ ನಾನು ಎದುರಿಗೆ ನಿಂತು ಬೈಬೋದು. ನಿಮ್ಮ ಕೆಲ್ಸ ಆದ್ರೆ ಚೆಂದಾಗೈತೆ ಅನ್ನಬೇಕಲ್ಲ.”

ಅವಳು ಪಟ್ಟಿಗಳಿಗೆ ಬಳಿದಳು. ಗುಬುಟುಗಳ ಸಂದಿಗೆ ಬೆರಳು ತುರುಕಿ ತುಂಬಿದಳು. ಬೆಂಕಿ ತಾಗಿ ಬಣ್ಣ ಏರಿದ ಜಾಗಕ್ಕೆ ಅವಳ ಕೈ ಬಂದಾಗ ಪುಟ್ಟರಾಜು ಹತ್ತಿರ ಬಂದ.

“ಇದೊಂದು ಜಾಗ ಬುಡು ವನಜ. ಕಾಲಿಗೆ ಬೀಳ್ತೀನಿ.”

ಅವಳು ಅವನ ಮುಖ ನೋಡುತ್ತಲೇ ಅದರ ಮೇಲೂ ಬಳಿದಳು.

ಗಾಡಿ ಬಂದಾಗ ಹೊತ್ತು ಇಳಿಯುತ್ತಿತ್ತು. ಸಂತೆಯ ಚೀಲ ಹೊತ್ತ ಹುಚ್ಚಮ್ಮ, ಸಣ್ಣಸ್ವಾಮಿ, ಲಿಂಗಮ್ಮ, ಅವರ ಹಿಂದೆ ಸಾಂತಪ್ಪನ ಮನೆಯವರು, ಬೇಲಿಯ ಬಳಿಯೇ ನಿಂತುಬಿಟ್ಟರು. ಅಂಗಳದಲ್ಲಿ ಅಡಿಯಿಂದ ಮುಡಿಯವರೆಗೆ ಹಳದಿಯಾದದ್ದೊಂದು ನಿಂತಿತ್ತು. ಅದರ ಮುಂದೆ ವನಜಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೂ ಅರಿಶಿನ. ವರ್ಷದಿಂದ ಸತ್ತಿದ್ದ ದನಿ ಊರ ತುದಿಗೆ ಕೇಳುವಂತೆ ಎದ್ದಿತ್ತು.

“ಮುಂಡೇದೆ! ಹಾಳಾದೋಳೆ! ಆರು ವರ್ಷದ ಕೂಸು ಕಣೇ ಅದು! ಲಂಗ ಒಗೀತಾ ಕೂತಿತ್ತು ಕಣೇ! ನಿಂಗೆ ಕಣ್ಣಿರಲಿಲ್ವೇನೇ?”

ಯಾರೂ ತಡೆಯಲಿಲ್ಲ. ಹುಚ್ಚಮ್ಮ ಚೀಲ ಕೆಳಗಿಟ್ಟು ಕೈ ಮುಗಿದಳು. ಅವಳ ಹಿಂದೆ ಸಣ್ಣಸ್ವಾಮಿ ಮುಗಿದ, ಆಮೇಲೆ ಒಬ್ಬೊಬ್ಬರೇ ಎಲ್ಲರೂ. ಪುಟ್ಟರಾಜು ಗ್ಯಾಸಿನ ಕೊಳವೆ ಸುತ್ತಿಟ್ಟು, ಹೋಗಿ ಅವರ ಸಾಲಿನ ಕೊನೆಯಲ್ಲಿ ನಿಂತ.